ಸ್ವತಂತ್ರ ವೆಬ್ ಡೆವಲಪರ್: ಕೆಲಸದ ಕ್ರಮ ಮತ್ತು ಶುಲ್ಕದ ಲೆಕ್ಕ

ಯಾವ ಸಂಸ್ಥೆಯಲ್ಲೂ ಸಂಬಳಕ್ಕಿರದೆ, ಒಪ್ಪಂದದ ಮೇಲೆ ಹಲವು ಗ್ರಾಹಕರಿಗೆ ಜಾಲತಾಣಗಳನ್ನು ಕಟ್ಟಿಕೊಟ್ಟು ನೋಡಿಕೊಳ್ಳುವ ವೃತ್ತಿಪರರನ್ನು ಸ್ವತಂತ್ರ ವೆಬ್ ಡೆವಲಪರ್ ಅಥವಾ ಫ್ರೀಲಾನ್ಸ್ ಡೆವಲಪರ್ ಎಂದು ಕರೆಯುತ್ತಾರೆ. ಕೋಡ್ ಬರೆಯುವುದು ಇವರ ಕೆಲಸದ ಒಂದು ಭಾಗ ಮಾತ್ರ. ಗ್ರಾಹಕರನ್ನು ಹುಡುಕುವುದು, ಅವರ ಅಗತ್ಯವನ್ನು ಅರಿತು ಬರಹಕ್ಕಿಳಿಸುವುದು, ಬೆಲೆ ಹೇಳುವುದು, ಹಣ ವಸೂಲು ಮಾಡುವುದು, ತೆರಿಗೆ ಕಟ್ಟುವುದು ಎಲ್ಲವೂ ಒಬ್ಬರ ಮೇಲೆಯೇ ಬೀಳುತ್ತವೆ. ಈ ವೃತ್ತಿಯಲ್ಲಿ ಹಣದ ವಿಷಯಕ್ಕೆ ಹುಟ್ಟುವ ತಕರಾರುಗಳಿಗೆ ದರ ಹೆಚ್ಚಾಯಿತು ಅಥವಾ ಕಡಿಮೆಯಾಯಿತು ಎಂಬುದು ಅಪರೂಪಕ್ಕಷ್ಟೇ ಕಾರಣ. ಏನನ್ನು ಮಾಡಿಕೊಡಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿರುವುದೇ ಅವುಗಳ ಸಾಮಾನ್ಯ ಮೂಲ.

ವೃತ್ತಿಯ ಹಿನ್ನೆಲೆ

ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಶೋಧನಾಲಯದಲ್ಲಿ ವರ್ಲ್ಡ್ ವೈಡ್ ವೆಬ್‌ನ ಪ್ರಸ್ತಾವವನ್ನು ಮಂಡಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರಾಂಶವನ್ನು ಸಾರ್ವಜನಿಕರ ಮುಕ್ತ ಬಳಕೆಗೆ ಬಿಟ್ಟುಕೊಟ್ಟಿತು. 1995ರಲ್ಲಿ ಪಿಎಚ್‌ಪಿ ಮತ್ತು ಜಾವಾಸ್ಕ್ರಿಪ್ಟ್ ಭಾಷೆಗಳು, 2003ರಲ್ಲಿ ವರ್ಡ್‌ಪ್ರೆಸ್, 2005ರಲ್ಲಿ ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಬಂದವು. ಇಂದಿಗೂ ಇವು ಪುಕ್ಕಟೆಯಾಗಿ ದೊರೆಯುತ್ತವೆ. ಲ್ಯಾಪ್‌ಟಾಪ್ ಮತ್ತು ಅಂತರ್ಜಾಲ ಸಂಪರ್ಕ ಬಿಟ್ಟರೆ ಈ ವೃತ್ತಿಗೆ ದೊಡ್ಡ ಬಂಡವಾಳ ಬೇಕಿಲ್ಲದಿರುವುದಕ್ಕೆ ಇದೇ ಕಾರಣ. ಆದ್ದರಿಂದ ಡೆವಲಪರ್ ಮಾರುವ ಮುಖ್ಯ ವಸ್ತುವೆಂದರೆ ಸಮಯ, ಮತ್ತು ಆ ಸಮಯದೊಳಗೆ ಅಡಗಿರುವ ಅನುಭವ.

ಬಳಕೆದಾರರ ಕಣ್ಣಿಗೆ ಕಾಣುವ ಪುಟಗಳನ್ನು ರೂಪಿಸುವವರು ಫ್ರಂಟ್‌ಎಂಡ್ ಡೆವಲಪರ್‌ಗಳು. ಸರ್ವರ್, ದತ್ತಸಂಚಯ ಮತ್ತು ಪಾವತಿ ವ್ಯವಸ್ಥೆಗಳನ್ನು ನಿರ್ವಹಿಸುವವರು ಬ್ಯಾಕ್‌ಎಂಡ್ ಡೆವಲಪರ್‌ಗಳು. ಸಣ್ಣ ಗ್ರಾಹಕರಿಗೆ ದುಡಿಯುವ ಸ್ವತಂತ್ರರು ಎರಡನ್ನೂ ಬಲ್ಲ ಫುಲ್‌ಸ್ಟ್ಯಾಕ್ ಡೆವಲಪರ್‌ಗಳಾಗಿರುವುದು ಸಾಮಾನ್ಯ.

ಕೆಲಸದ ವ್ಯಾಪ್ತಿಯನ್ನು ನಿಗದಿಪಡಿಸುವುದು

ಸಕಲೇಶಪುರದ ಸಮೀಪ ಹೋಂಸ್ಟೇ ನಡೆಸುವವರೊಬ್ಬರು ಜಾಲತಾಣ ಬೇಕೆಂದು ಬಂದರು ಎಂದು ಭಾವಿಸೋಣ. ‘ಒಂದು ವೆಬ್‌ಸೈಟ್ ಬೇಕು, ಎಷ್ಟಾಗುತ್ತದೆ?’ ಎಂಬ ಪ್ರಶ್ನೆಗೆ ಆ ಹಂತದಲ್ಲಿ ಪ್ರಾಮಾಣಿಕ ಉತ್ತರವಿಲ್ಲ. ಕೋಣೆಗಳ ಚಿತ್ರ ಮತ್ತು ದೂರವಾಣಿ ಸಂಖ್ಯೆ ತೋರಿಸಿದರೆ ಸಾಕೇ, ಅತಿಥಿಗಳು ಅಲ್ಲಿಯೇ ದಿನಾಂಕ ಆರಿಸಿ ಮುಂಗಡ ಕಟ್ಟಬೇಕೇ? ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೇಕೇ? ಚಿತ್ರಗಳನ್ನು ಯಾರು ತೆಗೆಯುತ್ತಾರೆ, ಬರಹವನ್ನು ಯಾರು ಬರೆಯುತ್ತಾರೆ? ಮುಂದೆ ಬೆಲೆ ಬದಲಾಯಿಸಬೇಕಾದಾಗ ಮಾಲೀಕರೇ ಬದಲಾಯಿಸಿಕೊಳ್ಳುತ್ತಾರೆಯೇ? ಇಂಥ ಪ್ರಶ್ನೆಗಳ ಉತ್ತರಗಳನ್ನು ಒಟ್ಟುಗೂಡಿಸಿದ ಲಿಖಿತ ವಿವರಣೆಯೇ ವ್ಯಾಪ್ತಿಪತ್ರ. ಕೊಟೇಶನ್ ಇದರ ಆಧಾರದ ಮೇಲೆ ಸಿದ್ಧವಾಗಬೇಕು. ಇದಕ್ಕೂ ಮೊದಲು ಬಾಯಿಮಾತಿನಲ್ಲಿ ಹೇಳಿದ ಅಂಕಿ ಗ್ರಾಹಕರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ.

ಉತ್ತಮ ವ್ಯಾಪ್ತಿಪತ್ರದಲ್ಲಿ ಮಾಡಿಕೊಡುವ ಕೆಲಸಗಳಷ್ಟೇ ಸ್ಪಷ್ಟವಾಗಿ ಮಾಡಿಕೊಡದ ಕೆಲಸಗಳೂ ಇರುತ್ತವೆ. ಲಾಂಛನ ವಿನ್ಯಾಸ, ಛಾಯಾಗ್ರಹಣ, ಸಾಮಾಜಿಕ ಜಾಲತಾಣಗಳ ಪ್ರಚಾರ, ಗೂಗಲ್ ಹುಡುಕಾಟದಲ್ಲಿ ಮೊದಲ ಸ್ಥಾನ, ಇವೆಲ್ಲ ವೆಬ್‌ಸೈಟ್ ಜತೆಗೇ ಬರುತ್ತವೆ ಎಂದು ಬಹಳ ಜನ ತಿಳಿದಿರುತ್ತಾರೆ. ಅದು ಅವರ ತಪ್ಪಲ್ಲ. ತಿಳಿಸಿಹೇಳುವ ಹೊಣೆ ಡೆವಲಪರ್‌ನದು. ವಿನ್ಯಾಸವನ್ನು ಎಷ್ಟು ಸುತ್ತು ತಿದ್ದಲಾಗುವುದು ಎಂಬುದನ್ನೂ ಪತ್ರದಲ್ಲಿ ಹೇಳಬೇಕು. ಎರಡು ಸುತ್ತು ವಾಡಿಕೆಯಲ್ಲಿದೆ. ಅದರಾಚೆಯ ತಿದ್ದುಪಡಿಗೆ ಗಂಟೆಯ ಲೆಕ್ಕದಲ್ಲಿ ಶುಲ್ಕ. ಗ್ರಾಹಕರು ಒದಗಿಸಬೇಕಾದ ಚಿತ್ರ, ಬರಹ, ದರಪಟ್ಟಿಗಳಿಗೂ ದಿನಾಂಕ ಗೊತ್ತುಮಾಡಬೇಕು, ಏಕೆಂದರೆ ಸಣ್ಣ ಯೋಜನೆಗಳು ಕೋಡ್‌ಗಿಂತ ಹೆಚ್ಚಾಗಿ ಈ ಸಾಮಗ್ರಿಗಾಗಿಯೇ ಕಾಯುತ್ತಾ ನಿಲ್ಲುತ್ತವೆ.

ಕಟ್ಟುವ ಹಂತಗಳು

ಒಪ್ಪಂದಕ್ಕೆ ಸಹಿ ಬಿದ್ದು ಮುಂಗಡ ಬಂದ ಮೇಲೆ ಮೊದಲು ಪುಟಗಳ ಕರಡು ನಕ್ಷೆ, ಆಮೇಲೆ ಬಣ್ಣ ಮತ್ತು ಅಕ್ಷರಶೈಲಿಯ ವಿನ್ಯಾಸ, ಅದಕ್ಕೆ ಒಪ್ಪಿಗೆ ಸಿಕ್ಕ ನಂತರ ಕೋಡ್. ನಿರ್ಮಾಣ ನಡೆಯುವಾಗ ಸಾರ್ವಜನಿಕರಿಗೆ ತೆರೆಯದ ಪ್ರತ್ಯೇಕ ವಿಳಾಸದಲ್ಲಿ ತಾಣವನ್ನು ಇಟ್ಟು ಗ್ರಾಹಕರಿಗೆ ತೋರಿಸಲಾಗುತ್ತದೆ. ಬೇರೆ ಬೇರೆ ಫೋನುಗಳಲ್ಲಿ ಮತ್ತು ಬ್ರೌಸರ್‌ಗಳಲ್ಲಿ ಪರೀಕ್ಷಿಸಿದ ಬಳಿಕ ಅದು ನಿಜವಾದ ಡೊಮೇನ್ ವಿಳಾಸಕ್ಕೆ ಹೋಗುತ್ತದೆ.

ಕನ್ನಡದ ಪುಟಗಳು ಕೆಲವು ವಿಶೇಷ ಎಚ್ಚರಗಳನ್ನು ಬೇಡುತ್ತವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ಗುಂಡಿಗಳ ಮೇಲಿನ ಪದಗಳಲ್ಲಿ ಒತ್ತು ಕತ್ತರಿಸಿಹೋಗುವುದು ಇದರಿಂದಲೇ. ಇಂಗ್ಲಿಷಿನ ಚಿಕ್ಕ ಪದಕ್ಕೆ ಬದಲಾಗಿ ಬರುವ ಕನ್ನಡ ಪದ ಉದ್ದವಾಗಿದ್ದು ಮೆನುವಿನ ಜೋಡಣೆ ಮುರಿಯುವುದೂ ಉಂಟು. ಕನ್ನಡ ಫಾಂಟ್ ಕಡತದಲ್ಲಿ ಸಂಯುಕ್ತಾಕ್ಷರಗಳಿಗಾಗಿ ಹೆಚ್ಚಿನ ರೂಪಗಳಿರುವುದರಿಂದ ಗಾತ್ರವೂ ಹಿರಿದು. ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ಪುಟ ನಿಧಾನವಾಗಿ ತೆರೆಯದಂತೆ ಇದನ್ನು ಸರಿದೂಗಿಸಬೇಕು. ಎರಡು ಭಾಷೆಯ ತಾಣ ಎಂದರೆ ಬರಹವನ್ನು ಎರಡು ಸಲ ಅಂಟಿಸುವುದು ಎಂದು ಎಣಿಸಿ ಈ ಸಮಯವನ್ನು ಲೆಕ್ಕಕ್ಕೆ ಸೇರಿಸದವರು ನಷ್ಟ ಅನುಭವಿಸುತ್ತಾರೆ.

ಆನ್‌ಲೈನ್ ಪಾವತಿಯೂ ಸಮಯ ತಿನ್ನುವ ಭಾಗವೇ. ಪೇಮೆಂಟ್ ಗೇಟ್‌ವೇ ಖಾತೆ ತಾಣದ ಮಾಲೀಕರ ಹೆಸರಿನಲ್ಲಿ, ಅವರ ಪ್ಯಾನ್ ಮತ್ತು ಬ್ಯಾಂಕ್ ದಾಖಲೆಗಳ ಮೇಲೆ ತೆರೆಯಬೇಕು. ಹಣ ಹಿಂತಿರುಗಿಸುವ ನಿಯಮ, ಗೋಪ್ಯತಾ ನೀತಿ, ಸಂಪರ್ಕ ವಿಳಾಸ ಇವುಗಳ ಪುಟಗಳಿಲ್ಲದೆ ಗೇಟ್‌ವೇ ಸಂಸ್ಥೆಗಳು ಅನುಮತಿ ಕೊಡುವುದಿಲ್ಲ. ಕೋಡ್ ಸಿದ್ಧವಾಗಿದ್ದರೂ ಇವು ಬಾಕಿಯಿದ್ದರೆ ತಾಣ ತೆರೆಯಲಾಗದು.

ಶುಲ್ಕದ ವಿಧಗಳು

ಶುಲ್ಕ ವಿಧಿಸುವ ರೀತಿಗಳು ಮುಖ್ಯವಾಗಿ ಮೂರು. ಗಂಟೆಯ ದರದಲ್ಲಿ ದುಡಿದ ಸಮಯವನ್ನು ದಾಖಲಿಸಿ ಬಿಲ್ ಮಾಡಲಾಗುತ್ತದೆ. ಕೆಲಸದ ಅಳತೆ ಮೊದಲೇ ತಿಳಿಯದಿದ್ದಾಗ ಇದು ಇಬ್ಬರಿಗೂ ನ್ಯಾಯ ಒದಗಿಸುತ್ತದೆ. ನಿಶ್ಚಿತ ಮೊತ್ತದಲ್ಲಿ ಇಡೀ ಯೋಜನೆಗೆ ಒಂದೇ ಬೆಲೆ. ಗ್ರಾಹಕರಿಗೆ ಇದು ನೆಮ್ಮದಿ. ಅಂದಾಜು ತಪ್ಪಿದರೆ ಭಾರ ಡೆವಲಪರ್‌ನ ಮೇಲೆ. ಮೂರನೆಯದು ತಿಂಗಳಿಗೆ ಇಷ್ಟು ಗಂಟೆ ಎಂದು ಕಾಯ್ದಿರಿಸುವ ರಿಟೇನರ್ ಪದ್ಧತಿ. ಆದಾಯ ಏರಿಳಿಯುವ ಈ ವೃತ್ತಿಯಲ್ಲಿ ಸ್ಥಿರತೆ ತರುವ ವ್ಯವಸ್ಥೆ ಇದೊಂದೇ. ಕೆಲಸದಿಂದ ಗ್ರಾಹಕರಿಗಾಗುವ ಲಾಭದ ಆಧಾರದ ಮೇಲೆ ಬೆಲೆ ಕಟ್ಟುವವರೂ ಇದ್ದಾರೆ. ಆ ಲಾಭವನ್ನು ಅಳೆಯಲು ಗ್ರಾಹಕರ ವ್ಯಾಪಾರದ ಅಂಕಿಅಂಶ ಕೈಯಲ್ಲಿರಬೇಕು. ಸಣ್ಣ ಉದ್ಯಮಗಳಲ್ಲಿ ಅದು ಸಿಗುವುದು ವಿರಳ.

ಯಾವ ರೀತಿಯಲ್ಲಿ ಬೆಲೆ ಹೇಳಿದರೂ ಅದರ ತಳದಲ್ಲಿ ಗಂಟೆಯ ದರವೊಂದು ಇರಲೇಬೇಕು.

ಗಂಟೆಯ ದರವನ್ನು ಕಂಡುಕೊಳ್ಳುವ ಬಗೆ

ಹೊಸಬರು ಸಾಮಾನ್ಯವಾಗಿ ಹೀಗೆ ಲೆಕ್ಕ ಹಾಕುತ್ತಾರೆ: ವರ್ಷಕ್ಕೆ 6,00,000 ರೂಪಾಯಿ ಗಳಿಕೆ ಬೇಕು, ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2,080 ಗಂಟೆ, ಭಾಗಿಸಿದರೆ ಗಂಟೆಗೆ ಸುಮಾರು 288 ರೂಪಾಯಿ. ಈ ಲೆಕ್ಕದಲ್ಲಿ ಎರಡು ದೋಷಗಳಿವೆ. ಸಂಬಳದ ನೌಕರಿಯಲ್ಲಿ ಸಂಸ್ಥೆ ಭರಿಸುವ ಖರ್ಚುಗಳು ಇದರಲ್ಲಿಲ್ಲ. ದುಡಿಯುವ ಪ್ರತಿ ಗಂಟೆಗೂ ಹಣ ಬರುತ್ತದೆ ಎಂಬ ನಂಬಿಕೆಯೂ ತಪ್ಪು.

ಮೊದಲು ಖರ್ಚು ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಊರು ಮತ್ತು ಜೀವನಕ್ರಮಕ್ಕೆ ತಕ್ಕಂತೆ ಬದಲಾಗುತ್ತವೆ. 80,000 ರೂಪಾಯಿಯ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳುವುದಾದರೆ ವರ್ಷಕ್ಕೆ 20,000. ಅಂತರ್ಜಾಲಕ್ಕೆ 12,000, ತಂತ್ರಾಂಶ ಮತ್ತು ಸರ್ವರ್ ಬಾಡಿಗೆಗೆ 18,000, ವಿದ್ಯುತ್ತು ಮತ್ತು ಯುಪಿಎಸ್‌ಗೆ 10,000, ಲೆಕ್ಕಪರಿಶೋಧಕರಿಗೆ 10,000, ಆರೋಗ್ಯ ವಿಮೆಗೆ 20,000. ಭವಿಷ್ಯನಿಧಿ, ಗ್ರಾಚ್ಯುಟಿ ಇಲ್ಲದ ಬದುಕಾದ್ದರಿಂದ ನಿವೃತ್ತಿಯ ಉಳಿತಾಯಕ್ಕೆ 60,000. ಒಟ್ಟು 1,50,000 ರೂಪಾಯಿ. ಹೀಗೆ ವರ್ಷಕ್ಕೆ ಬರಬೇಕಾದ ಮೊತ್ತ 7,50,000.

ಇನ್ನು ಸಮಯ. 365 ದಿನಗಳಲ್ಲಿ ಶನಿವಾರ, ಭಾನುವಾರಗಳ 104 ದಿನ ಕಳೆದರೆ 261. ಹಬ್ಬಗಳಿಗೆ 15, ರಜೆ ಮತ್ತು ಅನಾರೋಗ್ಯಕ್ಕೆ 16 ದಿನ ತೆಗೆದರೆ ಉಳಿಯುವುದು 230. ದಿನಕ್ಕೆ ಏಕಾಗ್ರತೆಯಿಂದ ಆರು ಗಂಟೆ ದುಡಿದರೆ 1,380 ಗಂಟೆ. ಇದರಲ್ಲಿ ಗ್ರಾಹಕರ ಹುಡುಕಾಟ, ಕೈಗೂಡದ ಕೊಟೇಶನ್‌ಗಳು, ಬಿಲ್ ಬರೆಯುವುದು, ಬಾಕಿ ಕೇಳುವುದು, ಹೊಸ ತಂತ್ರಜ್ಞಾನ ಕಲಿಯುವುದು ಇವುಗಳಿಗೆ ಯಾರೂ ಹಣ ಕೊಡುವುದಿಲ್ಲ. ಬಿಲ್ ಮಾಡಬಹುದಾದ ಸಮಯ ಅರ್ಧದಷ್ಟು ಎಂದಿಟ್ಟುಕೊಂಡರೆ 690 ಗಂಟೆ. ಅದರಿಂದ 7,50,000ವನ್ನು ಭಾಗಿಸಿದಾಗ ಗಂಟೆಗೆ ಸುಮಾರು 1,087 ರೂಪಾಯಿ, ಪೂರ್ಣಾಂಕಕ್ಕೆ ತಂದರೆ 1,100.

288 ಮತ್ತು 1,100ರ ನಡುವಿನ ಅಂತರ ದುರಾಸೆಯದಲ್ಲ, ಲೆಕ್ಕದ್ದು. ಮೊದಲ ದರಕ್ಕೆ ದುಡಿದವರು ದಿನವಿಡೀ ಕೆಲಸದಲ್ಲಿ ಮುಳುಗಿದ್ದರೂ ವರ್ಷದ ಕೊನೆಗೆ ಗುರಿಯ ಅರ್ಧವನ್ನೂ ಮುಟ್ಟುವುದಿಲ್ಲ. ಕಾರಣ ಗೊತ್ತಾಗದೆ ವೃತ್ತಿಯನ್ನೇ ಬಿಡುವವರಿದ್ದಾರೆ. ಹೀಗೆ ಕಂಡುಕೊಂಡ ದರ ಕನಿಷ್ಠ ಮಿತಿಯಷ್ಟೇ. ಕೌಶಲ ಅಪರೂಪದ್ದಾದರೆ, ಗಡುವು ಬಿಗಿಯಾದರೆ, ತಪ್ಪಿನಿಂದಾಗುವ ಹಾನಿ ದೊಡ್ಡದಾದರೆ ದರ ಅದಕ್ಕಿಂತ ಮೇಲೇರುವುದು ಸಹಜ.

ಅಂದಾಜು: ಹೋಂಸ್ಟೇ ತಾಣದ ಉದಾಹರಣೆ

ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆದು ಪ್ರತಿಯೊಂದಕ್ಕೂ ಗಂಟೆ ಗೊತ್ತುಮಾಡುವುದು ಅಂದಾಜಿನ ಕ್ರಮ. ಅನಿಶ್ಚಿತ ತುಂಡುಗಳಿಗೆ ಮೂರು ಅಂಕಿಗಳ ವಿಧಾನ ಉಪಯುಕ್ತ. ಇದು 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪುಗೊಂಡ ಪರ್ಟ್ ಪದ್ಧತಿಯಿಂದ ಬಂದದ್ದು. ಎಲ್ಲವೂ ಸುಗಮವಾದರೆ ಬೇಕಾಗುವ ಸಮಯ, ಸಾಮಾನ್ಯವಾಗಿ ಬೇಕಾಗುವ ಸಮಯದ ನಾಲ್ಕು ಪಟ್ಟು, ಎಲ್ಲವೂ ಕೆಟ್ಟರೆ ಬೇಕಾಗುವ ಸಮಯ, ಈ ಮೂರನ್ನೂ ಕೂಡಿಸಿ ಆರರಿಂದ ಭಾಗಿಸಬೇಕು. ಹೋಂಸ್ಟೇಯ ಬುಕಿಂಗ್ ಮತ್ತು ಪಾವತಿ ಭಾಗಕ್ಕೆ ಈ ಅಂಕಿಗಳು ಅನುಕ್ರಮವಾಗಿ 14, 22, 42 ಗಂಟೆ ಎಂದಾದರೆ, 14, 88 ಮತ್ತು 42ರ ಮೊತ್ತ 144; ಅದರ ಆರನೆಯ ಒಂದು ಭಾಗ 24 ಗಂಟೆ.

ಉಳಿದಂತೆ ಮಾತುಕತೆ ಮತ್ತು ಯೋಜನೆಗೆ 8, ವಿನ್ಯಾಸಕ್ಕೆ 20, ಪುಟಗಳ ನಿರ್ಮಾಣಕ್ಕೆ 30, ಎರಡು ಭಾಷೆಗಳ ಹೊಂದಾಣಿಕೆಗೆ 10, ಪರೀಕ್ಷೆಗೆ 12, ತಾಣ ತೆರೆಯುವುದಕ್ಕೆ ಮತ್ತು ಮಾಲೀಕರಿಗೆ ಬಳಕೆ ಕಲಿಸುವುದಕ್ಕೆ 6 ಗಂಟೆ. ಒಟ್ಟು 110. ಮುಂಗಾಣಲಾಗದ ತೊಡಕುಗಳಿಗೆ ನೂರಕ್ಕೆ 20ರಂತೆ 22 ಗಂಟೆ ಸೇರಿಸಿದರೆ 132. 1,100ರ ದರದಲ್ಲಿ 1,45,200 ರೂಪಾಯಿ.

ಕೆಲವೇ ಕೋಣೆಗಳ ಹೋಂಸ್ಟೇಗೆ ಇದು ಹೊರೆಯೆನಿಸಬಹುದು. ಆಗ ಡೆವಲಪರ್‌ನ ಮುಂದೆ ಎರಡು ದಾರಿಗಳಿವೆ: ಅದೇ ಕೆಲಸವನ್ನು ಕಡಿಮೆ ದರಕ್ಕೆ ಒಪ್ಪುವುದು, ಇಲ್ಲವೇ ಕೆಲಸವನ್ನೇ ಕಡಿಮೆ ಮಾಡುವುದು. ಎರಡನೆಯದೇ ಸರಿಯಾದ ದಾರಿ. ಆನ್‌ಲೈನ್ ಪಾವತಿಯನ್ನು ಬಿಟ್ಟು ವಾಟ್ಸ್‌ಆ್ಯಪ್ ಮತ್ತು ದೂರವಾಣಿಯ ಮೂಲಕ ಬುಕಿಂಗ್ ಇಟ್ಟುಕೊಂಡು, ವರ್ಡ್‌ಪ್ರೆಸ್‌ನ ಸಿದ್ಧ ವಿನ್ಯಾಸವೊಂದನ್ನು ಹೊಂದಿಸಿದರೆ 42 ಗಂಟೆಗಳಲ್ಲಿ ತಾಣ ಸಿದ್ಧವಾಗಬಹುದು, ವೆಚ್ಚ 46,200. ಮಾಲೀಕರ ವ್ಯಾಪಾರ ಬೆಳೆದ ಮೇಲೆ ಉಳಿದದ್ದನ್ನು ಸೇರಿಸಬಹುದು. ದರ ಇಳಿಸಿ ಒಪ್ಪಿಕೊಂಡ ಕೆಲಸದಲ್ಲಿ ಮೊದಲು ಬಲಿಯಾಗುವುದು ಪರೀಕ್ಷೆಯ ಗಂಟೆಗಳು, ಮತ್ತು ಅದರ ಫಲ ಉಣ್ಣುವವರು ಗ್ರಾಹಕರೇ.

ಡೊಮೇನ್ ಮತ್ತು ಹೋಸ್ಟಿಂಗ್ ಬಾಡಿಗೆ ಈ ಮೊತ್ತದಲ್ಲಿ ಸೇರಿರುವುದಿಲ್ಲ. ಅವನ್ನು ಗ್ರಾಹಕರ ಹೆಸರಿನಲ್ಲಿ, ಗ್ರಾಹಕರ ಇಮೇಲ್ ವಿಳಾಸಕ್ಕೆ ನೋಂದಾಯಿಸುವುದು ವೃತ್ತಿಧರ್ಮ. ಡೊಮೇನನ್ನು ಡೆವಲಪರ್ ತನ್ನ ಹೆಸರಿನಲ್ಲಿ ಇಟ್ಟುಕೊಂಡರೆ, ಸಂಬಂಧ ಕೆಟ್ಟ ದಿನ ಗ್ರಾಹಕರು ತಮ್ಮ ಅಂಗಡಿಯ ವಿಳಾಸವನ್ನೇ ಕಳೆದುಕೊಳ್ಳುತ್ತಾರೆ.

ಕಂತುಗಳು ಮತ್ತು ಬಾಕಿ ವಸೂಲಿ

ಹಣವನ್ನು ಕಂತುಗಳಲ್ಲಿ ಪಡೆಯುವುದು ರೂಢಿ: ಆರಂಭದಲ್ಲಿ ನೂರಕ್ಕೆ 40, ವಿನ್ಯಾಸಕ್ಕೆ ಒಪ್ಪಿಗೆಯಾದಾಗ 30, ತಾಣ ತೆರೆಯುವ ಮುನ್ನ 30. ಮುಂಗಡವಿಲ್ಲದೆ ಆರಂಭಿಸಿದ ಕೆಲಸಕ್ಕೆ ಗ್ರಾಹಕರ ಗಮನವೂ ಕಡಿಮೆ ಸಿಗುತ್ತದೆ.

ಬಾಕಿ ಉಳಿದಾಗ ನೆರವಿಗೆ ಬರುವ, ಆದರೆ ಡೆವಲಪರ್‌ಗಳಲ್ಲಿ ಅನೇಕರಿಗೆ ಪರಿಚಯವಿಲ್ಲದ ಕಾನೂನೊಂದಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸೇವೆ ಪಡೆದವರು ಒಪ್ಪಿದ ದಿನಾಂಕದೊಳಗೆ ಹಣ ಕೊಡಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಕೆಲಸ ಒಪ್ಪಿಸಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಅದನ್ನು ಸ್ವೀಕರಿಸಿದಂತೆಯೇ ಎಂದು ಕಾಯ್ದೆ ಪರಿಗಣಿಸುತ್ತದೆ. ಒಬ್ಬರೇ ದುಡಿಯುವ ಡೆವಲಪರ್ ಕೂಡ 2020ರಲ್ಲಿ ಆರಂಭವಾದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಬಳಸಿ ಶುಲ್ಕವಿಲ್ಲದೆ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಈ ನೋಂದಣಿ ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಆಗಿರುವುದು ಕ್ಷೇಮ.

ಕೋಡ್‌ನ ಹಕ್ಕುಸ್ವಾಮ್ಯ

ಹಣ ಕೊಟ್ಟವರೇ ಕೋಡ್‌ನ ಒಡೆಯರು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಬೇರೆಯೇ ಹೇಳುತ್ತದೆ. ನೌಕರ ಬರೆದ ಕೋಡ್‌ನ ಮೊದಲ ಒಡೆತನ ಉದ್ಯೋಗದಾತರದು. ನೌಕರನಲ್ಲದ ಸ್ವತಂತ್ರ ಡೆವಲಪರ್ ಬರೆದದ್ದರ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆದವರದೇ. ಗ್ರಾಹಕರಿಗೆ ಅದನ್ನು ವರ್ಗಾಯಿಸಲು ಸಹಿಯುಳ್ಳ ಲಿಖಿತ ಪತ್ರ ಬೇಕು. ಆ ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ, ಪ್ರದೇಶ ನಮೂದಾಗದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆಯ 19ನೇ ಕಲಮು ಭಾವಿಸುತ್ತದೆ. ಪೂರ್ಣ ಹಣ ಸಂದಾಯವಾದ ದಿನ ಹಕ್ಕು ವರ್ಗವಾಗುತ್ತದೆ ಎಂಬ ಸಾಲು ಒಪ್ಪಂದದಲ್ಲಿದ್ದರೆ ಇಬ್ಬರ ಹಿತವೂ ಉಳಿಯುತ್ತದೆ. ಜಿಪಿಎಲ್ ಪರವಾನಗಿಯ ವರ್ಡ್‌ಪ್ರೆಸ್‌ನಂಥ ಮುಕ್ತ ತಂತ್ರಾಂಶ ಮಾತ್ರ ತನ್ನ ಪರವಾನಗಿಯ ನಿಯಮಗಳಿಗೇ ಒಳಪಟ್ಟಿರುತ್ತದೆ. ಅದರ ಹಕ್ಕುಸ್ವಾಮ್ಯವನ್ನು ಡೆವಲಪರ್ ಮಾರಲಾರರು, ಗ್ರಾಹಕರು ಕೊಳ್ಳಲಾರರು.

ತೆರಿಗೆ

ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯ. ವೆಬ್ ಅಭಿವೃದ್ಧಿಗೆ ನೂರಕ್ಕೆ 18ರ ದರ. ಕೊಟೇಶನ್‌ನಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆಯದಿದ್ದರೆ ಆ ಹಣ ಡೆವಲಪರ್‌ನ ಕೈಯಿಂದಲೇ ಹೋಗುವ ಅಪಾಯವಿದೆ. ಆದಾಯ ತೆರಿಗೆಯಲ್ಲಿ, ಮಾಹಿತಿ ತಂತ್ರಜ್ಞಾನದ ವೃತ್ತಿಪರರು ವಾರ್ಷಿಕ ವೃತ್ತಿ ಗಳಿಕೆ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ಘೋಷಿಸಿ ಸರಳವಾಗಿ ತೆರಿಗೆ ಕಟ್ಟುವ ಅವಕಾಶವಿದೆ. ಕಂಪನಿಗಳು ಶುಲ್ಕದಿಂದ ಮೂಲದಲ್ಲೇ ತೆರಿಗೆ ಕಡಿತ ಮಾಡುವುದರಿಂದ ಕೈಗೆ ಬರುವ ಮೊತ್ತ ಬಿಲ್‌ಗಿಂತ ಕಡಿಮೆ ಇರುತ್ತದೆ. ಅದು ನಷ್ಟವಲ್ಲ, ರಿಟರ್ನ್ ಸಲ್ಲಿಸುವಾಗ ಜಮೆಗೆ ಬರುತ್ತದೆ.

ಎಲ್ಲೆಲ್ಲಿ ಈ ಸೇವೆಯ ಬಳಕೆ

ಶಾಲೆಗಳು, ಚಿಕಿತ್ಸಾಲಯಗಳು, ಸಹಕಾರ ಸಂಘಗಳು, ಬಟ್ಟೆ ಅಂಗಡಿಗಳು ಸ್ವತಂತ್ರ ಡೆವಲಪರ್‌ಗಳ ನಿತ್ಯದ ಗ್ರಾಹಕರು. ಇಲ್ಲಿ ಕೆಲಸ ಬರುವುದು ಬಾಯಿಂದ ಬಾಯಿಗೆ ಹರಡುವ ಹೆಸರಿನಿಂದ. ತಾಣ ಕೊಟ್ಟ ಮೇಲಿನ ವಾರ್ಷಿಕ ನಿರ್ವಹಣೆಯ ಒಪ್ಪಂದವನ್ನು ಎಎಂಸಿ ಎನ್ನುತ್ತಾರೆ. ಸುರಕ್ಷತೆಯ ಪರಿಷ್ಕರಣೆ, ಬ್ಯಾಕಪ್, ಚಿಕ್ಕ ತಿದ್ದುಪಡಿಗಳು ಅದರಲ್ಲಿ ಸೇರುತ್ತವೆ. ಬೆಂಗಳೂರಿನ ವಿನ್ಯಾಸ ಸಂಸ್ಥೆಗಳು ತಮ್ಮ ಕೈಮೀರಿದ ಕೆಲಸವನ್ನು ಸ್ವತಂತ್ರರಿಗೆ ಹಂಚುತ್ತವೆ. ಅಲ್ಲಿ ಗಂಟೆಯ ದರ ತಗ್ಗಿದರೂ ಗ್ರಾಹಕರನ್ನು ಹುಡುಕುವ ಸಮಯ ಉಳಿಯುವುದರಿಂದ ವರ್ಷದ ಲೆಕ್ಕ ಸರಿಹೋಗಬಹುದು.

ವಿದೇಶಿ ಗ್ರಾಹಕರನ್ನು ತಲುಪಲು ಅಪ್‌ವರ್ಕ್, ಫೈವರ್‌ನಂಥ ವೇದಿಕೆಗಳಿವೆ. 2010ರಲ್ಲಿ ಇಸ್ರೇಲಿನಲ್ಲಿ ಆರಂಭವಾದ ಫೈವರ್ ಸೇವೆ ಮಾರುವವರ ಗಳಿಕೆಯಲ್ಲಿ ನೂರಕ್ಕೆ 20 ಕಮಿಷನ್ ಹಿಡಿಯುತ್ತದೆ; ಹಣ ವರ್ಗಾವಣೆಯ ಖರ್ಚು ಬೇರೆ. ದರ ಹೇಳುವಾಗಲೇ ಇವನ್ನು ಸೇರಿಸಿಕೊಳ್ಳಬೇಕು. ಜಿಎಸ್‌ಟಿ ನೋಂದಣಿ ಇರುವವರು ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ಸೇವಾ ರಫ್ತಿನ ಮೇಲೆ ತೆರಿಗೆ ವಿಧಿಸಬೇಕಿಲ್ಲ.

ಕನ್ನಡದ ಪ್ರಕಾಶಕರು ಮತ್ತು ಪತ್ರಿಕೆಗಳು ಬೇರೆಯೇ ಬಗೆಯ ಕೆಲಸ ಕೊಡುತ್ತವೆ. ಅವರ ಬಳಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದ ದೊಡ್ಡ ಬರಹರಾಶಿ ಇರುತ್ತದೆ. ಜಾಲತಾಣದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವುದರಿಂದ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಕ ತಂತ್ರಾಂಶಗಳು ಮುಕ್ತವಾಗಿ ದೊರೆಯುತ್ತವೆ. ಆದರೆ ಅರ್ಕಾವೊತ್ತು ಹಳೆಯ ಫಾಂಟ್‌ನಲ್ಲಿ ವ್ಯಂಜನದ ನಂತರ, ಯೂನಿಕೋಡ್‌ನಲ್ಲಿ ವ್ಯಂಜನದ ಮೊದಲು ದಾಖಲಾಗುವ ಕಾರಣ ದೋಷಗಳು ಉಳಿಯುತ್ತವೆ. ನಡುವೆ ಬಂದ ಇಂಗ್ಲಿಷ್ ಪದಗಳು ಕನ್ನಡ ಅಕ್ಷರಗಳಾಗಿ ಚೆಲ್ಲಾಪಿಲ್ಲಿಯಾಗುವುದೂ ಇದೆ. ಆದ್ದರಿಂದ ಪರಿವರ್ತನೆಗೆ ಒಂದು ದರ, ಕನ್ನಡ ಬಲ್ಲವರು ಕರಡು ತಿದ್ದುವುದಕ್ಕೆ ಪುಟಕ್ಕಿಷ್ಟು ಎಂದು ಇನ್ನೊಂದು ದರ ಇಡುವುದು ಸೂಕ್ತ. ಕೆಲವು ಪುಟಗಳನ್ನು ಮಾದರಿಯಾಗಿ ಪರಿವರ್ತಿಸಿ, ಪುಟಕ್ಕೆ ಸರಾಸರಿ ಎಷ್ಟು ತಪ್ಪು ಬರುತ್ತದೆ ಎಂಬುದನ್ನು ಎಣಿಸಿದ ನಂತರವೇ ಈ ಎರಡನೆಯ ದರವನ್ನು ಬರೆದುಕೊಡಬೇಕು.